ಕ್ಯಾಸೆಟ್‌ನಲ್ಲಿ ಉಳಿದಿರೋ ಅಜ್ಜಿಯ ದನಿ

ಋಷಿಕೊಂಡದಲ್ಲಿ ಆಫೀಸು, ಭೀಮುನಿಪಟ್ಟಣದ ಕಡೆ ಮನೆ ಅಂತ ಇರೋ ನಮ್ಮವರಲ್ಲಿ ಕೆಲವರ ಅಟ್ಟದ ಮೇಲೆ ಊರಿಂದ ತಂದ ಒಂದು ಡಬ್ಬ ವಿಎಚ್‌ಎಸ್ ಕ್ಯಾಸೆಟ್ ಇರತ್ತೆ. ‘ಯಾವತ್ತಾದ್ರೂ ಡಿವಿಡಿ ಮಾಡಿಸೋಣ’ ಅಂತ ಹೇಳ್ತಾನೇ ವರ್ಷಗಳು ಹೋಗಿರ್ತವೆ.

ಇನ್ನು ತಡ ಮಾಡೋ ಹಾಗಿಲ್ಲ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸ್ತು. ಈಗ ಸಿಗೋದೆಲ್ಲ ಹಳೇದೇ. ಜೊತೆಗೆ ಈ ಊರಿನ ಹವೆ. ಗೋಸ್ತನಿ ನದಿ ಸಮುದ್ರ ಸೇರೋ ಜಾಗ ಇದು, ವರ್ಷವಿಡೀ ತೇವ. ಟೇಪಿಗೆ ಬೂಷ್ಟು ಹಿಡಿಯೋಕೆ ಇಷ್ಟು ಸಾಕು.

ಯಾವ ಕ್ಯಾಸೆಟ್ ಮೊದಲು? ಮದುವೆದು ಬೇಡ ಅಂತೀನಿ. ಎಷ್ಟೋ ಮದುವೆ ವಿಡಿಯೋಗಳಲ್ಲಿ ಮಾತನ್ನ ಅಳಿಸಿ ಸಿನಿಮಾ ಹಾಡು ಹಾಕಿರ್ತಾರೆ. ಮನೆಯವರೇ ತೆಗೆದ ನಾಮಕರಣ, ಹಬ್ಬ, ಸುಮ್ನೆ ಜಗಲಿ ಮೇಲೆ ಕೂತು ಮಾತಾಡಿದ್ದು ಇದ್ರೆ ಅದನ್ನ ಮೊದಲು ತಗೊಳ್ಳಿ. ಇಲ್ಲಿ ಬೆಳೀತಿರೋ ಮಕ್ಕಳ ಕಿವಿಗೆ ದಿನವಿಡೀ ಬೀಳೋದು ತೆಲುಗು, ಇಂಗ್ಲಿಷ್. ಅವರ ಮುತ್ತಜ್ಜಿಯ ಧಾರವಾಡದ ಕನ್ನಡವೋ ಕುಂದಾಪುರದ ಕನ್ನಡವೋ ಫೋಟೋ ಆಲ್ಬಮ್‌ನಲ್ಲಿ ಕೇಳಿಸಲ್ಲ.

ಕ್ಯಾಸೆಟ್ಟಿನ ಕಿಟಕಿಯಿಂದ ಸುರುಳಿಯ ಅಂಚು ನೋಡಿ. ಬಿಳಿ ಪುಡಿ ಕಂಡ್ರೆ ಅದು ಬೂಷ್ಟು. ಅಂಥದ್ದನ್ನ ವಿಸಿಆರ್‌ಗೆ ಹಾಕ್ಬೇಡಿ. ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ಹರಡತ್ತೆ. ಅದನ್ನ ಬೇರೆ ಎತ್ತಿಟ್ಟು, ಟೇಪ್ ಶುಚಿ ಮಾಡೋದು ಗೊತ್ತಿರೋರಿಗೆ ಕೊಡಿ. ಚೆನ್ನಾಗಿರೋ ಕ್ಯಾಸೆಟ್ಟಿನ ಅಂಚಲ್ಲಿರೋ ಚಿಕ್ಕ ಪ್ಲಾಸ್ಟಿಕ್ ತುಂಡನ್ನ ಮುರೀರಿ, ಅಪ್ಪಿತಪ್ಪಿ ಅದರ ಮೇಲೆ ರೆಕಾರ್ಡ್ ಆಗಲ್ಲ. ಎಸಿ ರೂಮಿಂದ ತಂದ ತಕ್ಷಣ ಹಾಕ್ಬೇಡಿ, ಟೇಪ್ ಮೇಲೆ ಬೆವರಿನ ಹಾಗೆ ನೀರು ಕೂರತ್ತೆ. ಕೆಲವು ಗಂಟೆ ಬಿಟ್ಟು, ಒಂದ್ಸಲ ಪೂರ್ತಿ ಮುಂದಕ್ಕೆ ಓಡಿಸಿ, ಹಿಂದಕ್ಕೆ ಸುತ್ತಿ.

ಆಮೇಲೆ ಯುಎಸ್‌ಬಿ ಕ್ಯಾಪ್ಚರ್ ಸಾಧನ ಬೇಕು. ವಿಸಿಆರ್‌ನ ಹಳದಿ ಕೇಬಲ್ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಲ್ಯಾಪ್‌ಟಾಪಲ್ಲಿ ಉಚಿತವಾಗಿ ಸಿಗೋ ಓಬಿಎಸ್ ಸ್ಟುಡಿಯೋ ಸಾಕು. ಸೆಟ್ಟಿಂಗ್ ‘ಪ್ಯಾಲ್’ ಇರ್ಲಿ. ಅಮೆರಿಕದಿಂದ ಬಂದ ಕ್ಯಾಸೆಟ್ ಆದ್ರೆ ಮಾತ್ರ ‘ಎನ್‌ಟಿಎಸ್‌ಸಿ’, ಅದನ್ನ ಓಡಿಸೋ ವಿಸಿಆರ್ ಕೂಡ ಬೇಕು. ಅಳತೆ 720×576. ಪ್ಯಾಲ್‌ನಲ್ಲಿ ಸೆಕೆಂಡಿಗೆ 50 ಅರ್ಧಚಿತ್ರ ಇರತ್ತೆ, ಅದಕ್ಕೆ 50 ಫ್ರೇಮ್ ಇಟ್ಟು ಡಿಇಂಟರ್‌ಲೇಸಿಂಗ್ ‘ಯಾಡಿಫ್ 2ಎಕ್ಸ್’ ಆರಿಸಿ. ಇಲ್ಲಾಂದ್ರೆ ಓಡೋ ಮಗುವಿನ ಅಂಚು ಬಾಚಣಿಗೆ ಹಲ್ಲಿನ ಥರ ಕಾಣತ್ತೆ. ಚಿತ್ರದ ಆಕಾರ 4:3. ಟಿವಿ ತುಂಬ್ಲಿ ಅಂತ ಎಳೆದ್ರೆ ಎಲ್ಲರೂ ದಪ್ಪ ಆಗ್ತಾರೆ! ಮೊದಲ ಐದು ನಿಮಿಷ ಹೆಡ್‌ಫೋನ್ ಹಾಕಿ ಧ್ವನಿ ಪರೀಕ್ಷಿಸಿ.

ಇಲ್ಲಿ ಪೆನ್‌ಡ್ರೈವ್ ಕಾಪಿಯ ವೇಗ ಇಲ್ಲ. ಮೂರು ಗಂಟೆ ಟೇಪಿಗೆ ಮೂರು ಗಂಟೆನೇ. ಡಿವಿಡಿಯ 4.7 ಜಿಬಿಯಲ್ಲಿ ಒಳ್ಳೆ ಗುಣಮಟ್ಟದಲ್ಲಿ ಸುಮಾರು ಎರಡು ಗಂಟೆ ಹಿಡಿಯತ್ತೆ, ಆದ್ರಿಂದ ಇಂಥ ಕ್ಯಾಸೆಟ್‌ಗೆ ಎರಡು ಡಿಸ್ಕ್. ಡಿಸ್ಕ್ ಕೂಡ ಕೆಡತ್ತೆ ಅನ್ನೋದು ನೆನಪಿರ್ಲಿ. ಮೂಲ ಫೈಲ್ ಎರಡು ಹಾರ್ಡ್‌ಡಿಸ್ಕ್‌ನಲ್ಲಿರ್ಲಿ, ಒಂದು ಇಲ್ಲಿ, ಒಂದು ಊರಲ್ಲಿ.

ಕೊನೆ ಕೆಲಸ ಕಂಪ್ಯೂಟರ್ ಮಾಡಲ್ಲ. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಒಂದೊಂದೇ ದೃಶ್ಯ ತೋರಿಸಿ, ‘ಇದು ಯಾರಮ್ಮಾ?’ ಅಂತ ಕೇಳಿ. ಹೆಸರು, ಊರು, ವರ್ಷ ಬರ್ಕೊಂಡು ಫೈಲಿನ ಹೆಸರಲ್ಲೇ ಹಾಕಿ. ಹಿಂದಿನ ಸಾಲಲ್ಲಿ ನಗ್ತಿರೋ ಆ ಸೋದರತ್ತೆಯ ಹೆಸರು ಗೊತ್ತಿರೋರು ಈಗ ಒಬ್ರೋ ಇಬ್ರೋ. ಈ ಭಾನುವಾರ ಒಂದೇ ಒಂದು ಕ್ಯಾಸೆಟ್ ಇಳಿಸಿ. ಯಾವುದು ಸಿಕ್ತು ಅಂತ ನನಗೂ ಬರೀರಿ.