ಖಾಲಿ ಮರಳುವ ಗಾಡಿ



ಒಳಗೆ ಬರುವಾಗ ನಿಮ್ಮ ಕಾಲೇಜಿನ ಗೇಟಿನ ಬಳಿ ಒಂದು ಛೋಟಾ ಹಾಥಿ ನಿಂತಿತ್ತು. ನೀವು ಕುಳಿತಿರುವ ಈ ಕುರ್ಚಿಗಳನ್ನು ಬೆಟಗೇರಿಯಿಂದ ಹೊತ್ತು ತಂದ ಗಾಡಿ. ಬೇವಿನ ನೆರಳಲ್ಲಿ ಕೂತಿದ್ದ ಡ್ರೈವರ್ ನನ್ನ ಕರಿ ಗೌನು ನೋಡಿ ಎದ್ದು ಬಂದ. ‘ಭಾಷಣ ಮಾಡಾವ್ರು ನೀವ ಏನ್ರೀ ಸರ?’ ಹೌದಪ್ಪ ಎಂದೆ. ‘ಎಷ್ಟೊತ್ತು ಮಾಡ್ತೀರ್ರಿ?’ ಮೂವತ್ತು ವರ್ಷ ಪಾಠ ಹೇಳಿದ್ದೇನೆ, ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ನಾಲ್ಕು ಗಂಟೆಗೆ ಎಪಿಎಂಸಿಯಲ್ಲಿ ಅವನಿಗೆ ಉಳ್ಳಾಗಡ್ಡಿ ಲೋಡ್ ಇದೆ. ಕುರ್ಚಿ ಹೇರಿಕೊಳ್ಳದೆ ಇಲ್ಲಿಂದ ಕದಲುವಂತಿಲ್ಲ. ಖಾಲಿ ಹೋಗಿ ಮತ್ತೆ ಖಾಲಿ ಬರುವ ಡೀಸೆಲ್ ಯಾಕೆ ಸುಡಬೇಕೆಂದು ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದಾನೆ. ನಾನು ಬೋರ್ಡಿನ ಮೇಲೆ ಮಾಡುವ ಲೆಕ್ಕವನ್ನು ಅವನು ಬೇವಿನ ಕೆಳಗೆ ಮಾಡಿ ಮುಗಿಸಿದ್ದ.

ಆ ಲೆಕ್ಕಕ್ಕೆ ನಾವು ಆಪ್ಟಿಮೈಸೇಶನ್ ಅನ್ನುತ್ತೇವೆ. ಕೈಯಲ್ಲಿರುವ ಗಾಡಿ, ಯಂತ್ರ, ಹೊತ್ತು, ದುಡ್ಡು ಇಷ್ಟರಲ್ಲೇ ಕೆಲಸವನ್ನು ಆದಷ್ಟು ಚೆನ್ನಾಗಿ ತೀರಿಸುವ ದಾರಿ ಹುಡುಕುವುದು. 1939ರಲ್ಲಿ ಲೆನಿನ್‌ಗ್ರಾಡಿನ ಗಣಿತಜ್ಞ ಕಾಂಟೊರೊವಿಚ್ ಇದಕ್ಕೆ ಕೈಹಾಕಿದ್ದು ಒಂದು ಪ್ಲೈವುಡ್ ಕಾರ್ಖಾನೆಯ ತೊಡಕು ಬಿಡಿಸಲು: ಯಾವ ಯಂತ್ರಕ್ಕೆ ಯಾವ ಮರ ಹಾಕಬೇಕು? ಅದೇ ಕೆಲಸಕ್ಕೆ 1975ರಲ್ಲಿ ಅವರಿಗೆ ನೊಬೆಲ್ ಬಂತು. ಲಾರಿಗಳ ಲೆಕ್ಕ ಶುರುವಾದದ್ದು 1959ರಲ್ಲಿ, ಡಾಂಟ್‌ಜಿಗ್ ಮತ್ತು ರಾಮ್ಸರ್ ಎಂಬಿಬ್ಬರು ಡಿಪೋದಿಂದ ಪೆಟ್ರೋಲ್ ಬಂಕುಗಳಿಗೆ ಟ್ಯಾಂಕರ್ ಕಳಿಸುವ ಬಗ್ಗೆ ಒಂದು ಲೇಖನ ಬರೆದಾಗ.

ಕೇಳಲು ಸುಲಭ. ಹತ್ತು ಅಂಗಡಿಗೆ ಮಾಲು ಹಾಕಬೇಕು, ಯಾವುದು ಮೊದಲು, ಯಾವುದು ಆಮೇಲೆ? ಕ್ರಮಗಳು 36,28,800. ಅಂಗಡಿ ಹದಿನೈದಾದರೆ ಒಂದು ಲಕ್ಷ ಮೂವತ್ತು ಸಾವಿರ ಕೋಟಿ ದಾಟುತ್ತದೆ. ಬೆಟಗೇರಿ ಬಜಾರಿನ ಒಂದೇ ಸಾಲಿನಲ್ಲಿ ಹದಿನೈದು ಅಂಗಡಿಗಳಿವೆ. ಒಂದೊಂದನ್ನೂ ಪರೀಕ್ಷಿಸುತ್ತ ಕೂರದೆ ಒಳ್ಳೆಯದನ್ನು ಹಿಡಿಯುವ ಉಪಾಯಗಳೇ ಅರವತ್ತು ವರ್ಷಗಳ ನಮ್ಮ ಸಂಶೋಧನೆ. ಇವತ್ತು ಪದವಿ ಪಡೆಯುತ್ತಿರುವ ನೀವು ಅವನ್ನೆಲ್ಲ ಓದಿ ಪಾಸಾಗಿದ್ದೀರಿ. ನಾನು ಫೇಲಾದ ಕಥೆ ಹೇಳುತ್ತೇನೆ.

ಬಹಳ ವರ್ಷ ಹಿಂದೆ ಒಬ್ಬ ಸಗಟು ವ್ಯಾಪಾರಿಯ ಟೆಂಪೋಕ್ಕೆ ಹದಿನಾಲ್ಕು ಅಂಗಡಿಗಳ ದಾರಿ ಹಾಕಿಕೊಟ್ಟೆ. ಡ್ರೈವರ್ ಹೋಗುತ್ತಿದ್ದ ದಾರಿಗಿಂತ ಒಂಬತ್ತು ಕಿಲೋಮೀಟರ್ ಕಡಿಮೆ. ನನಗೆ ಹಿಗ್ಗೋ ಹಿಗ್ಗು. ಮೊದಲ ದಿನವೇ ಮೊದಲ ಅಂಗಡಿಯಲ್ಲಿ ಗಾಡಿ ನಿಂತು ಹೋಯಿತು. ಹಮಾಲರು ಹಳೆಯ ಕ್ರಮದಲ್ಲೇ ಹೇರಿದ್ದರು. ಮೊದಲ ಅಂಗಡಿಗೆ ಇಳಿಸಬೇಕಾದ ಸಕ್ಕರೆ ಚೀಲ ಎಲ್ಲಕ್ಕಿಂತ ಒಳಗೆ, ಅದರ ಮೇಲೆ ಎಣ್ಣೆ ಡಬ್ಬಿ, ಬಾಗಿಲ ಹತ್ತಿರ ಸಾಬೂನಿನ ರಟ್ಟು ಪೆಟ್ಟಿಗೆ. ಅರ್ಧ ಗಾಡಿ ರಸ್ತೆಗಿಳಿಸಿ ಮತ್ತೆ ಹೇರಿದರು. ಭಾರದ ಮಾಲು ಅಡಿಗೇ ಇರಬೇಕು, ಕಡೆಗೆ ಹೇರಿದ್ದು ಮೊದಲು ಇಳಿಯಬೇಕು, ಇದು ಪ್ರತಿ ಹಮಾಲನಿಗೂ ಗೊತ್ತು. ನನ್ನ ಸಮೀಕರಣದಲ್ಲಿ ಚೀಲಕ್ಕೆ ತೂಕವಿತ್ತು, ಜಾಗವಿರಲಿಲ್ಲ. ಮೂರನೆಯ ದಿನ ಡ್ರೈವರ್ ಫೋನ್ ಮಾಡಿದ. ಓಣಿಯೊಂದರಲ್ಲಿ ಎರಡು ತಾಸಿನಿಂದ ಸಿಕ್ಕಿಬಿದ್ದಿದ್ದ. ‘ಸರ, ನಿಮ್ಮ ಕಂಪ್ಯೂಟರಿಗೆ ಇವತ್ತು ಸಂತಿ ಐತಿ ಅಂತ ಯಾರೂ ಹೇಳಿಲ್ಲೇನ್ರಿ?’

ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಕೇಳದೆ ಹೋದದ್ದು ನಾಚಿಕೆಯ ಮಾತು, ಯಾಕೆಂದರೆ ನಾನು ಬೆಳೆದದ್ದೇ ಇಂಥ ಲೆಕ್ಕದ ನಡುವೆ. ನಮ್ಮದು ಬೆಟಗೇರಿಯ ನೇಕಾರರ ಮನೆ. ಅಪ್ಪ ಕುಣಿಮಗ್ಗದಲ್ಲಿ ಕೂತರೆ ಅವ್ವ ಪಡಸಾಲೆಯಲ್ಲಿ ಕಂಡಿಕೆ ಸುತ್ತುವಳು. ನೂಲು ಸಾಹುಕಾರರಿಂದ ಬರಬೇಕು, ಬಣ್ಣ ಇನ್ನೊಂದು ಓಣಿಯಲ್ಲಿ ಆಗಬೇಕು, ಹಾಸು ಮತ್ತೊಬ್ಬರು ಹೂಡಬೇಕು, ಹಳೆ ಹಾಸಿನ ತುದಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಕೆಚ್ಚಲು ಕೈ ಪಳಗಿದವರು ಬರಬೇಕು. ಸೀರೆ ಒಂದು, ಅದು ಸುತ್ತುವ ಮನೆ ಐದಾರು. ಹೊರದೇಶದ ಪತ್ರಿಕೆಗಳಲ್ಲಿ ಸಹಯೋಗಿ ಉತ್ಪಾದನಾ ಜಾಲ ಎಂಬ ಮಾತನ್ನು ಮೊದಲ ಸಲ ಓದಿದಾಗ, ಇದು ನಮ್ಮ ಓಣಿಯಲ್ಲವೇ ಅನ್ನಿಸಿತ್ತು. ಗದಗಿನ ಮುದ್ರಣವೂ ಹೀಗೇ ಇತ್ತು. ಮೊಳೆ ಜೋಡಿಸುವವರು ಒಂದು ಕಡೆ, ಅಚ್ಚು ಒಂದು ಕಡೆ, ಹೊಲಿದು ಅಂಟಿಸಿ ರಟ್ಟು ಹಾಕುವವರು ಮತ್ತೊಂದು ಕಡೆ. ಅದಕ್ಕೂ ಮೊದಲು, ಇಲ್ಲೇ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿದಳು. ಒಂದೊಂದೂ ತಾಳೆಗರಿಯ ಮೇಲೆ, ಕೈಯಿಂದ. ಗರಿ ಹದ ಮಾಡಿದವರು ಎಷ್ಟು, ಕಂಟ ಹಿಡಿದವರು ಎಷ್ಟು, ಯಾರ ಮನೆಯಲ್ಲಿ ಎಷ್ಟು ಪ್ರತಿ ಉಳಿದಿತ್ತು? ಆ ಲೆಕ್ಕ ಇಟ್ಟವರ ಹೆಸರು ಯಾವ ಶಾಸನದಲ್ಲೂ ಬರುವುದಿಲ್ಲ, ಬಿಡಿ.

ಒಂದು ಶ್ರಾವಣದಲ್ಲಿ ನಮ್ಮ ಮಗ್ಗ ಆರು ದಿನ ನಿಂತಿತ್ತು. ಕೆಂಪು ನೂಲು ಬಂದಿರಲಿಲ್ಲ, ಅಷ್ಟೆ. ಅಪ್ಪ ನನ್ನನ್ನು ಬಣ್ಣದವರ ಮನೆಗೆ ಓಡಿಸಿದರು. ಹಂಡೆಯ ಕೆಳಗೆ ಬೂದಿ ತಣ್ಣಗಿತ್ತು. ಮೂಲೆಯಲ್ಲಿ ನಮ್ಮ ಲಡಿಗಳು ಬೆಳ್ಳಗೆ ತೂಗುತ್ತಿದ್ದವು. ‘ಎಂಟು ಲಡಿಗೆ ಹಂಡೆ ಕಾಸಿದ್ರ ಕಟ್ಟಿಗಿ ಖರ್ಚೂ ಹುಟ್ಟಂಗಿಲ್ಲ ತಮ್ಮಾ, ಹಂಡೆ ತುಂಬಲಿ’ ಅಂದ ಬಣ್ಣದಜ್ಜ. ಅವನ ಮಾತು ಸರಿ. ಹೆಚ್ಚು ನೂಲು ಕೊಟ್ಟು ದುಡ್ಡು ಕಟ್ಟಿಹಾಕಿಕೊಳ್ಳುವುದಿಲ್ಲ ಎಂಬ ಸಾಹುಕಾರರ ಮಾತೂ ಸರಿ. ಸೀರೆ ಇಳಿದರೆ ತಾನೆ ಮಜೂರಿ ಎಂಬ ಅಪ್ಪನ ಮಾತೂ ಸರಿ. ಮೂರೂ ಸರಿ, ಮಗ್ಗ ಮಾತ್ರ ಆರು ದಿನ ನಿಂತಿತ್ತು. ಪಕ್ಕದ ಓಣಿಯ ಇನ್ನೆರಡು ಮನೆಗಳಿಗೂ ಅದೇ ವಾರ ಕೆಂಪು ಬೇಕಿತ್ತೆಂದು ಆಮೇಲೆ ತಿಳಿಯಿತು. ಮೂರು ಮನೆಯ ಲಡಿ ಒಂದೇ ದಿನ ಹೋಗಿದ್ದರೆ ಹಂಡೆ ಎರಡನೆಯ ದಿನವೇ ಕಾಯುತ್ತಿತ್ತು. ಹಾಗೆ ಮಾಡಲು ಕಂಪ್ಯೂಟರ್ ಬೇಕಿರಲಿಲ್ಲ. ಮೂರು ಮನೆಯವರು ತಮ್ಮ ತಮ್ಮ ಆರ್ಡರು ಏನೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಿತ್ತು. ಹೇಳಿಕೊಂಡರೆ ಗಿರಾಕಿ ತಪ್ಪಿ ಹೋದಾರೆಂಬ ಅಂಜಿಕೆ. ನಮ್ಮ ಸಂಶೋಧನೆಯ ಗಂಟು ಇರುವುದು ಇಲ್ಲಿ.

ಇನ್ನೊಂದು ಲೆಕ್ಕ ನೋಡಿ. ಅಂಕಿ ಸುಮ್ಮನೆ ಉದಾಹರಣೆಗೆ. ಲಕ್ಷ್ಮೇಶ್ವರದ ರೈತನಿಗೆ ಗದಗ ಎಪಿಎಂಸಿಗೆ ಗಾಡಿ ಬಾಡಿಗೆ 2,000 ರೂಪಾಯಿ, ಶಿರಹಟ್ಟಿಯವನಿಗೆ 1,200 ಅನ್ನೋಣ. ಮುಳಗುಂದದ ದಾರಿ ಬಿಟ್ಟು ಶಿರಹಟ್ಟಿ ಮೇಲೆ ಹಾಯ್ದು ಬಂದರೆ ಒಂದೇ ಗಾಡಿ ಇಬ್ಬರ ಮಾಲನ್ನೂ 2,200ಕ್ಕೆ ತರುತ್ತದೆ. ಸಾವಿರ ರೂಪಾಯಿ ಉಳಿಯಿತು. ಇಲ್ಲಿಗೆ ಗಣಿತ ಮುಗಿದು ಜಗಳ ಶುರುವಾಗುತ್ತದೆ. ಚೀಲದ ಲೆಕ್ಕದಲ್ಲಿ ಹಂಚೋಣ ಎನ್ನುತ್ತಾರೆ, ಕೇಳಲು ನ್ಯಾಯವಾಗಿದೆ. ಇಬ್ಬರದೂ ಮೂವತ್ತು ಮೂವತ್ತು ಚೀಲವಾದರೆ ತಲೆಗೆ 1,100. ಲಕ್ಷ್ಮೇಶ್ವರದವನಿಗೆ 900 ಉಳಿಯಿತು, ಶಿರಹಟ್ಟಿಯವನಿಗೆ ನೂರು. ಶಿರಹಟ್ಟಿಯವನದು ನಲವತ್ತು, ಲಕ್ಷ್ಮೇಶ್ವರದವನದು ಇಪ್ಪತ್ತು ಚೀಲವಾದರೆ ಇನ್ನೂ ಮೋಜು: ಶಿರಹಟ್ಟಿಯವನ ಪಾಲಿಗೆ ಸುಮಾರು 1,467 ರೂಪಾಯಿ. ಒಬ್ಬನೇ ಬಂದಿದ್ದರೆ 1,200ರಲ್ಲಿ ಮುಗಿಯುತ್ತಿತ್ತು. ಮುಂದಿನ ವಾರ ಅವನು ಬರುವುದಿಲ್ಲ. ನ್ಯಾಯವಾಗಿ ಕಂಡ ಹಂಚಿಕೆಯೇ ಕೂಟ ಮುರಿಯಿತು. 1953ರಲ್ಲಿ ಲಾಯ್ಡ್ ಶಾಪ್ಲಿ ಇದಕ್ಕೊಂದು ಸೂತ್ರ ಬರೆದರು. ಕೂಟಕ್ಕೆ ಒಬ್ಬೊಬ್ಬರು ಸೇರಿದಾಗ ಎಷ್ಟು ಉಳಿತಾಯ ಹೆಚ್ಚುತ್ತದೆ ಎಂದು, ಎಲ್ಲ ಸರದಿಗಳಲ್ಲೂ ನೋಡಿ, ಸರಾಸರಿ ತೆಗೆಯುವುದು. ನಮ್ಮ ಇಬ್ಬರಿಗೆ ಅದು ಹೇಳುವುದು ಸಾವಿರದಲ್ಲಿ ಸಮಪಾಲು: ಲಕ್ಷ್ಮೇಶ್ವರದವನು 1,500, ಶಿರಹಟ್ಟಿಯವನು 700. ಶಾಪ್ಲಿಗೂ ನೊಬೆಲ್ ಬಂತು, 2012ರಲ್ಲಿ.

ಮುಂಡರಗಿಯವರನ್ನೂ ಸೇರಿಸಿಕೊಳ್ಳಿ ಎಂದು ನಮ್ಮ ಹುಡುಗನೊಬ್ಬ ಪ್ರಾಜೆಕ್ಟಿನಲ್ಲಿ ಬರೆದಿದ್ದ. ನಕ್ಷೆಯ ಮೇಲೆ ಶಿರಹಟ್ಟಿಯಿಂದ ಮುಂಡರಗಿಗೆ ಗೆರೆ ಎಳೆದರೆ ಹತ್ತಿರವೇ. ನಡುವೆ ಕಪ್ಪತಗುಡ್ಡ ಮಲಗಿದೆ. 2019ರಿಂದ ಅದು ವನ್ಯಜೀವಿಧಾಮ ಕೂಡ. ಗೆರೆ ಗುಡ್ಡ ಹತ್ತುತ್ತದೆ, ಟೆಂಪೋ ಹತ್ತುವುದಿಲ್ಲ. ಮುಂಡರಗಿಯವರ ಪಾಲಿನ ಉಳಿತಾಯ ಬೇರೆ ಕಡೆ ಇದೆ: ಉಳ್ಳಾಗಡ್ಡಿ ಇಳಿಸಿದ ಗಾಡಿ ಖಾಲಿ ಮರಳದೆ ಗದಗಿನಿಂದ ಗೊಬ್ಬರ, ಸಿಮೆಂಟು, ಕಿರಾಣಿ ಹೇರಿಕೊಂಡು ಹೋಗುವುದರಲ್ಲಿ. ಅದಕ್ಕೆ ಅಡತಿ ಅಂಗಡಿಯವರೂ ಗೊಬ್ಬರದ ಅಂಗಡಿಯವರೂ ಒಬ್ಬರ ವೇಳೆಯನ್ನು ಇನ್ನೊಬ್ಬರಿಗೆ ತಿಳಿಸಬೇಕು. ಮತ್ತೆ ಅದೇ ಮಾತಿಗೆ ಬಂದೆವು. ಅಂದಹಾಗೆ ಮಳೆಯಲ್ಲಿ ಹೆಸರು ಬಿಡಿಸುವ ದಿನಗಳಲ್ಲಿ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಎರಿ ಹೊಲಕ್ಕೆ ಇಳಿದ ಟ್ರ್ಯಾಕ್ಟರು ಯಾವಾಗ ಮೇಲೆ ಬರುತ್ತದೆಂದು ಹೇಳುವ ಸೂತ್ರ ನನ್ನಲ್ಲಿಲ್ಲ.

ಈ ನೆಲಕ್ಕೆ ಸಾಗಣೆ ಅಂದರೆ ಬರೀ ಲಾಭದ ಮಾತಲ್ಲ. 1876–78ರ ಬರದಲ್ಲಿ ಬೇರೆ ಕಡೆ ಕಾಳಿದ್ದರೂ ಎಳೆದು ತರುವ ಎತ್ತುಗಳಿಗೇ ಮೇವು ನೀರಿರಲಿಲ್ಲ. ಆ ಬರದ ಪಾಠದಿಂದಲೇ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗಿಗೆ ಬಂತು. ಆಗ ಗದಗ, ಮುಂಡರಗಿ ಬ್ರಿಟಿಷರವು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಇಷ್ಟೇ ದೂರದ ಬಂಡಿ ದಾರಿಗೆ ಮೂರು ಆಡಳಿತ! ಈಗ ನಾಲ್ಕೂ ಒಂದೇ ಜಿಲ್ಲೆ. ಲಕ್ಷ್ಮೇಶ್ವರ, ಶಿರಹಟ್ಟಿಗಳಿಗೆ ರೈಲು ಬೇಕೆಂಬ ಬೇಡಿಕೆ ಮಾತ್ರ ಹಳೆಯದು.

ಇಂಥ ಸೀಮೆಯಲ್ಲೇ 1905ರಲ್ಲಿ, ಸಹಕಾರ ಕಾಯಿದೆ ಬಂದ ಮರುವರ್ಷ, ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಸಹಕಾರ ಸಂಘ ಕಟ್ಟಿದರು. ಮುಂದೆ ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ನೂಲಿನ ಗಿರಣಿ ಎದ್ದಿತು. ಕಣಗಿನಹಾಳದವರು ಶಾಪ್ಲಿಯನ್ನು ಓದಿರಲಿಲ್ಲ, ಶಾಪ್ಲಿ ಇನ್ನೂ ಹುಟ್ಟಿರಲಿಲ್ಲ. ಆದರೆ ನನ್ನ ಲೆಕ್ಕದ ವಹಿಯನ್ನು ನೀನು ನೋಡಬಹುದು, ನಿನ್ನದನ್ನು ನಾನು ನೋಡುತ್ತೇನೆ ಎಂಬ ಕರಾರಿಗೆ ಅವರು ಬಂದಿದ್ದರು. ನಾವು ಇಂದು ಸರ್ವರ್ ಮೇಲೆ ಮಾಡಹೊರಟದ್ದು ಅದೇ.

ವಿಜಯ ಸಂಕೇಶ್ವರರ ಹೆಸರು ಹೇಳದೆ ಗದಗಿನಲ್ಲಿ ಲಾರಿ ಮಾತು ಮುಗಿಯದು. ಅಚ್ಚುಕೂಟದ ಮನೆತನದ ಮಗ, 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿದರು. ಇಂದು ಅವರ ವಿಆರ್‌ಎಲ್ ಕಂಪನಿಯ ಗಾಡಿಗಳು ಸಾವಿರಾರು. ಅವರ ಮೇಲೆ ಸಿನಿಮಾ ಕೂಡ ಬಂತು, ನೋಡಿದ್ದೀರಿ. ಸಿನಿಮಾದಲ್ಲಿ ಚಂದ ಕಾಣದ ಭಾಗವೇ ನನಗೆ ಹೆಚ್ಚು ಕುತೂಹಲದ್ದು: ಪಾರ್ಸಲ್ ಸಾಗಣೆ. ನೂರು ಗಿರಾಕಿಗಳ ನೂರು ಸಣ್ಣ ಗಂಟುಗಳನ್ನು ಒಂದೆಡೆ ಕೂಡಿಸಿ, ವಿಂಗಡಿಸಿ, ಒಂದು ಲಾರಿ ತುಂಬಿಸಿ ಕಳಿಸುವ ಕಸುಬು. ನಮ್ಮ ಬಣ್ಣದಜ್ಜನ ಹಂಡೆ ತುಂಬುವ ಕೆಲಸವೇ ಅದು. ಅಲ್ಲಿ ಕೂಡಿಸುವವರು ಒಬ್ಬ ಮಾಲೀಕರು. ಮಾಲೀಕರು ನೂರು ಮಂದಿ ಇದ್ದಾಗ ಅದನ್ನು ಹೇಗೆ ಮಾಡುವುದು ಎಂಬುದು ಇನ್ನೂ ಬಿಡಿಸದ ಪ್ರಶ್ನೆ. ನಿಮ್ಮಲ್ಲಿ ಯಾರಿಗಾದರೂ ಪಿಎಚ್‌ಡಿ ವಿಷಯ ಬೇಕಿದ್ದರೆ ಇದೋ ಇದೆ.

ನಿಮ್ಮಲ್ಲಿ ಹಲವರು ಬೆಂಗಳೂರಿಗೆ ಹೋಗುತ್ತೀರಿ. ಕೊತ್ತಂಬರಿ ಸೊಪ್ಪನ್ನು ಹತ್ತು ನಿಮಿಷದಲ್ಲಿ ನಾಲ್ಕನೆಯ ಮಹಡಿಗೆ ಮುಟ್ಟಿಸುವ ಕಂಪನಿಗಳು ಒಳ್ಳೆಯ ಸಂಬಳ ಕೊಡುತ್ತವೆ. ಹೋಗಿ, ಬೇಡ ಅನ್ನಲಾರೆ, ಮನೆಯ ಸಾಲ ತೀರಬೇಕು. ಹನ್ನೊಂದನೆಯ ನಿಮಿಷಕ್ಕೆ ಬಂದ ಕೊತ್ತಂಬರಿಯಿಂದ ಯಾರ ಸಾರೂ ಕೆಟ್ಟಿಲ್ಲ ಎಂಬುದು ನನ್ನ ಅಭಿಪ್ರಾಯ, ಅಷ್ಟೆ. ಹೋಗುವ ಮೊದಲು ಒಂದು ದಿನ ನನಗೆ ಕೊಡಿ. ಗದಗ ಬೆಟಗೇರಿಯ ಯಾವುದಾದರೂ ಒಂದು ಟೆಂಪೋದಲ್ಲಿ ಡ್ರೈವರ್ ಪಕ್ಕ ಕೂತು ಬೆಳಗಿನಿಂದ ಸಂಜೆವರೆಗೆ ತಿರುಗಿ. ಎಲ್ಲಿ ಹೇರಿದರು, ಎಲ್ಲಿ ಖಾಲಿ ಓಡಿದರು, ಕಾಟಾದ ಮುಂದೆ ಎಷ್ಟು ಹೊತ್ತು ನಿಂತರು, ಬಿಲ್ಟಿಗೆ ಯಾರು ಕಾಯಿಸಿದರು, ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ಚಹಾದ ದುಡ್ಡು ನೀವೇ ಕೊಡಿ. ಆ ನೋಟುಬುಕ್ಕುಗಳನ್ನೆಲ್ಲ ಕೂಡಿಸಿಟ್ಟರೆ ಈ ಊರಿನ ಬಗ್ಗೆ ಯಾವ ಕಂಪನಿಯ ಹತ್ತಿರವೂ ಇಲ್ಲದ ಲೆಕ್ಕ ನಿಮ್ಮ ಕಾಲೇಜಿನ ಕಪಾಟಿನಲ್ಲಿರುತ್ತದೆ.

ಗಡಿಯಾರ ಮೂರೂವರೆ ದಾಟಿದೆ. ನಿಮಗೆಲ್ಲ ಅಭಿನಂದನೆಗಳು. ಫೋಟೋ ಹೊರಗೆ ಬೇವಿನ ಗಿಡದ ಹತ್ತಿರ ತೆಗೆಸಿಕೊಳ್ಳೋಣ. ಹೋಗುವಾಗ ಒಬ್ಬೊಬ್ಬರು ಒಂದೊಂದು ಕುರ್ಚಿ ಎತ್ತಿಕೊಂಡು ನಡೆಯಿರಿ.