ಸಾಕೆಟ್ಟಿನ ಹಿಂದಿರುವ ತಂತಿ
(ವಿದ್ಯಾರ್ಥಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವಿದ್ಯುತ್ ವಾಹನದ ಪ್ರಸ್ತಾಪ ಬಂದಾಗಲೆಲ್ಲ ನಾವು ಬ್ಯಾಟರಿಯನ್ನು ಕುರಿತು ಚರ್ಚಿಸುತ್ತೇವೆ; ಅದಕ್ಕೆ ವಿದ್ಯುತ್ತನ್ನು ಹೊತ್ತು ತರುವ ತಂತಿಯನ್ನು ಮರೆಯುತ್ತೇವೆ. ಅಮೆರಿಕದಲ್ಲಿರುವ ಒಂದು ರೂಢಿಯನ್ನು ಮುಂದಿಟ್ಟುಕೊಂಡು ಆ ತಂತಿಯ ವಿಚಾರವನ್ನು ಹೇಳಬಯಸುತ್ತೇನೆ.

ಅಲ್ಲಿನ ಕಾಡಂಚಿನ ಶಿಬಿರತಾಣಗಳಿಗೆ ಜನರು ಮಲಗುವ, ಅಡುಗೆ ಮಾಡುವ ಅನುಕೂಲವುಳ್ಳ ವಸತಿವಾಹನಗಳಲ್ಲಿ ಬಂದು ತಂಗುತ್ತಾರೆ. ಅವುಗಳ ದೀಪ, ಫ್ರಿಜ್, ಏಸಿಗಳಿಗಾಗಿ ಅನೇಕ ತಾಣಗಳಲ್ಲಿ ನಿಲುಗಡೆಗೊಂದರಂತೆ ಮೋಟು ಕಂಬ ನೆಟ್ಟು ಸಾಕೆಟ್ ಒದಗಿಸಿರುತ್ತಾರೆ. ಚಾರ್ಜಿಂಗ್ ಕೇಂದ್ರ ದೂರವಿದ್ದಾಗ ವಿದ್ಯುತ್ ಪಿಕಪ್ ಟ್ರಕ್ಕಿನವರು ಅಡಾಪ್ಟರ್ ಜೋಡಿಸಿ ಇದರಿಂದಲೇ ಚಾರ್ಜ್ ಮಾಡಿಕೊಳ್ಳುತ್ತಾರೆ. ಹೊಸ ಕಟ್ಟಡಕ್ಕಾಗಿ ಒಂದು ಮರವನ್ನೂ ಕಡಿಯಬೇಕಿಲ್ಲವಾದ್ದರಿಂದ ಅಷ್ಟರಮಟ್ಟಿಗೆ ಇದು ಮೆಚ್ಚತಕ್ಕ ಕ್ರಮವೇ.

ಅಲ್ಲಿ ಮುಖ್ಯವಾಗಿ ಎರಡು ಬಗೆಯ ಸಾಕೆಟ್ಟುಗಳಿವೆ. 50 ಆಂಪಿಯರಿನದು 240 ವೋಲ್ಟ್ ಕೊಡುತ್ತದೆ. 30 ಆಂಪಿಯರಿನದು 120 ವೋಲ್ಟ್ ಮಾತ್ರ. ಮೂರು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಸತತವಾಗಿರುವ ಹೊರೆಯು ಸರ್ಕ್ಯೂಟಿನ ಸಾಮರ್ಥ್ಯದ ಶೇ. 80ನ್ನು ಮೀರಬಾರದೆಂಬುದು ಅಲ್ಲಿನ ನಿಯಮ. ಮೊದಲನೆಯದರಿಂದ 32 ಆಂಪಿಯರ್ ಪಡೆದರೆ ಗಂಟೆಗೆ ಸುಮಾರು 7.7 ಯೂನಿಟ್ ದೊರೆಯುತ್ತದೆ. ಎರಡನೆಯದರಿಂದ 24 ಆಂಪಿಯರ್ ಪಡೆದರೆ 2.9 ಯೂನಿಟ್; ನಮ್ಮ ಮನೆಗಳ 16 ಆಂಪಿಯರ್ ಸಾಕೆಟ್ಟೂ ಹೆಚ್ಚುಕಡಿಮೆ ಅಷ್ಟನ್ನೇ ಕೊಡಬಲ್ಲದು. 2022ರಲ್ಲಿ ಬಂದ ಫೋರ್ಡ್ ಎಫ್-150 ಲೈಟ್ನಿಂಗ್ ಟ್ರಕ್ಕಿನ ದೊಡ್ಡ ಬ್ಯಾಟರಿ 131 ಯೂನಿಟ್ಟಿನದು. ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೂ ಅದು ತುಂಬಲು ಒಂದರಲ್ಲಿ 17 ಗಂಟೆ, ಇನ್ನೊಂದರಲ್ಲಿ 45 ಗಂಟೆ ಬೇಕು.

ಅಡಾಪ್ಟರ್ ಪ್ಲಗ್ಗಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ತಂತಿಯ ದಪ್ಪವನ್ನಲ್ಲ. 50 ಆಂಪಿಯರ್ ಪ್ಲಗ್ಗಿನ ಚಾರ್ಜಿಂಗ್ ಕೇಬಲ್ಲನ್ನು ಅಡಾಪ್ಟರ್ ಮೂಲಕ 30 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದರೆ, ಕೇಬಲ್ಲಿಗೆ ಅದು ತಿಳಿಯುವುದಿಲ್ಲ. ತನ್ನ ಎಂದಿನ 32 ಆಂಪಿಯರನ್ನೇ ಎಳೆಯತೊಡಗುತ್ತದೆ. ಬ್ರೇಕರ್ ಬಿದ್ದರೆ ಪುಣ್ಯ. ಅದು ಬೀಳದೆ, ಸವೆದು ಸಡಿಲವಾದ ಸಾಕೆಟ್ ಇಡೀ ರಾತ್ರಿ ಕಾಯುತ್ತಿದ್ದರೆ ಬೆಂಕಿಗೆ ದಾರಿಯಾಗುತ್ತದೆ. ಸುತ್ತಲಿರುವುದು ಒಣ ಕಾಡು. ಇನ್ನು ವಸತಿವಾಹನಕ್ಕೆಂದೇ ಮಾಡಿದ ಅಡಾಪ್ಟರಿನಲ್ಲಿ ಒಂದೇ ಫೇಸನ್ನು ಎರಡೂ ಪಿನ್ನುಗಳಿಗೆ ಕೊಟ್ಟಿರುತ್ತಾರೆ. ಅವುಗಳ ನಡುವೆ ವೋಲ್ಟೇಜಿನ ಅಂತರವೇ ಇಲ್ಲದ್ದರಿಂದ ಟ್ರಕ್ ಚಾರ್ಜ್ ಆಗುವುದೇ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಇನ್ನೊಂದಿದೆ. ಎಲ್ಲರೂ ಏಕಕಾಲಕ್ಕೆ ಪೂರ್ಣ ವಿದ್ಯುತ್ ಬಳಸುವುದಿಲ್ಲವೆಂಬ ಎಣಿಕೆಯ ಮೇಲೆ ಶಿಬಿರತಾಣದ ಮುಖ್ಯ ತಂತಿಯನ್ನು ಎಳೆಯುತ್ತಾರೆ. 36ಕ್ಕಿಂತ ಹೆಚ್ಚು ನಿಲುಗಡೆಗಳಿದ್ದರೆ ಒಟ್ಟು ಹೊರೆಯ ಶೇ. 41ನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲು ಅಲ್ಲಿನ ವಿದ್ಯುತ್ ಸಂಹಿತೆಯ ಕೋಷ್ಟಕ ಅವಕಾಶ ನೀಡಿತ್ತು. ಏಸಿ ನಿಂತು ನಿಂತು ಓಡುತ್ತದೆ. ಟ್ರಕ್ ಬಿಡದೆ ಎಳೆಯುತ್ತದೆ. ಸಂಜೆ ಪಂಪ್‌ಸೆಟ್ಟುಗಳು ಹೊರಟೊಡನೆ ಮಂಕಾಗುವ ದೀಪದ ಕೆಳಗೆ ಓದಿದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಹಣದ ಮಾತೂ ಇದೆ. ರಾತ್ರಿಗಿಷ್ಟೆಂದು ಬಾಡಿಗೆ ಗೊತ್ತುಮಾಡಿದ ಕಡೆ ಟ್ರಕ್ ಹತ್ತು ಗಂಟೆಯಲ್ಲಿ 77 ಯೂನಿಟ್ ಹೀರಿದರೆ, ಅದರ ಬೆಲೆಯಲ್ಲಿ ಡೇರೆ ಹಾಕಿದ ಬಡ ಪ್ರವಾಸಿಯ ಪಾಲೂ ಸೇರುತ್ತದೆ. ಆದ್ದರಿಂದ ಮೊದಲು ತಾಣದವರನ್ನು ಕೇಳಿ ಒಪ್ಪಿಗೆ ಪಡೆಯಬೇಕು. ಬಳಸಿದ್ದಕ್ಕೆ ಹಣ ತೆರಬೇಕು. ಕರೆಂಟನ್ನು 24 ಆಂಪಿಯರಿಗೋ ಅದಕ್ಕಿಂತ ಕೆಳಗೋ ಇಳಿಸಿ, ಏಸಿಗಳ ಸದ್ದಡಗಿದ ಮೇಲೆ ಚಾರ್ಜಿಂಗ್ ಆರಂಭಿಸಬೇಕು. ಅರ್ಧ ಗಂಟೆಯ ನಂತರ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ, ಬಿಸಿ ಹೆಚ್ಚಿದ್ದರೆ ವಾಹನದಲ್ಲಿ ಚಾರ್ಜಿಂಗ್ ನಿಲ್ಲಿಸಿ, ಬ್ರೇಕರ್ ಆರಿಸಿ, ಆಮೇಲೆ ಪ್ಲಗ್ಗನ್ನು ಕೀಳಬೇಕು.