ಖಾಲಿ ಹಾಸಿಗೆಯ ಬೆಲೆ



ವಿಹಾರದ ಹಡಗುಗಳಲ್ಲಿ ಕೊಠಡಿಗಳಿಗೆ ಬೆಲೆ ಕಟ್ಟುವ ರೀತಿಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಬಳ್ಳಾರಿಯ ಮಗ್ಗುಲಿನ ಹಲಕುಂದಿಯಲ್ಲಿರುವವರಿಗೆ ಹಡಗಿನ ಗೊಡವೆ ಏಕೆಂದು ತಾವು ನಗಬಹುದು. ಕಡಲು ನಮಗೆ ದೂರವೆಂಬುದೇನೋ ದಿಟ. ಆದರೆ 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಎಂಬ ಸಂಸ್ಥೆಯ ಹಡಗು ಮುಂಬಯಿಯಿಂದ ಹೊರಡಲು ತೊಡಗಿದ ಮೇಲೆ, ಸಂಪಾದನೆಗೆ ನಿಂತ ಮಕ್ಕಳು ತಂದೆತಾಯಿಗಳನ್ನು ಸಮುದ್ರಯಾನಕ್ಕೆ ಕರೆದೊಯ್ಯುವ ಮಾತು ನಮ್ಮ ಸೀಮೆಯ ಮನೆಗಳಲ್ಲಿಯೂ ಹುಟ್ಟಿದೆ. ಅದರೊಡನೆ ಜಾಹೀರಾತುಗಳೂ ಬಂದಿವೆ. ಎರಡನೆಯವರಿಗೆ ಅರ್ಧ ಬೆಲೆ. ಇಂದೇ ಕೊಂಡರೆ ಮೇಲ್ದರ್ಜೆಯ ಕೊಠಡಿ ಉಚಿತ. ಈ ಅವಕಾಶ ಮೂರೇ ದಿನ! ಒಂದು ಸಂಸಾರದ ವರ್ಷದ ಉಳಿತಾಯವೇ ಇಂತಹ ಮಾತಿನ ಮೇಲೆ ಖರ್ಚಾಗುವುದರಿಂದ, ಆ ಮಾತಿನ ಹಿಂದಿರುವ ಲೆಕ್ಕವನ್ನು ತಿಳಿಯುವುದು ವ್ಯರ್ಥವಲ್ಲ.

ಆ ಲೆಕ್ಕವನ್ನು ಬಳ್ಳಾರಿಯ ಮಾರುಕಟ್ಟೆಯಲ್ಲಿಯೇ ಕಾಣಬಹುದು. ಒಣಮೆಣಸಿನಕಾಯಿಯ ವರ್ತಕನು ಇಂದಿನ ದರ ಒಪ್ಪಿಗೆಯಾಗದಿದ್ದರೆ ಮೂಟೆಗಳನ್ನು ಶೀತಗೃಹದಲ್ಲಿಟ್ಟು ತಿಂಗಳುಗಟ್ಟಲೆ ಕಾಯುತ್ತಾನೆ. ಸೊಪ್ಪು ಮಾರುವ ಹೆಣ್ಣುಮಗಳಿಗೆ ಆ ಅನುಕೂಲವಿಲ್ಲ. ಬೆಳಗ್ಗೆ ಬಿಗಿಯಾಗಿ ಹೇಳಿದ ಬೆಲೆಯನ್ನು ಹೊತ್ತು ಇಳಿದಂತೆ ಅವಳು ಸಡಿಲಿಸುತ್ತಾಳೆ. ದೀಪ ಹಚ್ಚುವ ವೇಳೆಗೆ ಒಂದು ಕಟ್ಟಿಗೆ ಮತ್ತೊಂದನ್ನು ಸೇರಿಸಿಯೇ ಕೊಡುತ್ತಾಳೆ. ಹಡಗಿನ ಹಾಸಿಗೆ ಮೆಣಸಿನಕಾಯಿಯ ಜಾತಿಯದಲ್ಲ, ಸೊಪ್ಪಿನ ಜಾತಿಯದು. ಲಂಗರು ಎತ್ತಿದ ಕ್ಷಣದಲ್ಲಿ ಖಾಲಿ ಹಾಸಿಗೆಯ ಬೆಲೆ ಸೊನ್ನೆಯಾಗುತ್ತದೆ. ಹಡಗಿನ ಎಣ್ಣೆಯ ಖರ್ಚು, ನಾವಿಕರ ಸಂಬಳಗಳು ಮಾತ್ರ ಕಡಿಮೆಯಾಗುವುದಿಲ್ಲ.

ಈ ವಿದ್ಯೆಯನ್ನು ಶಾಸ್ತ್ರದಂತೆ ಬೆಳೆಸಿದವರು ವಿಮಾನದ ಸಂಸ್ಥೆಗಳವರು. ಅಗ್ಗದ ದರದ ಪೀಪಲ್ ಎಕ್ಸ್‌ಪ್ರೆಸ್ ಎಂಬ ಹೊಸ ಸಂಸ್ಥೆಯನ್ನು ಎದುರಿಸಲು ಅಮೆರಿಕನ್ ಏರ್‌ಲೈನ್ಸಿನವರು 1985ರಲ್ಲಿ ಒಂದೇ ವಿಮಾನದ ಪೀಠಗಳನ್ನು ಹಲವು ಬೆಲೆಗಳಿಗೆ ಹಂಚಿದರು. ಬಹಳ ಮೊದಲೇ ಕೊಂಡು ಷರತ್ತುಗಳಿಗೆ ಒಪ್ಪಿದವನಿಗೆ ಅಗ್ಗ. ಕೊನೆಯ ದಿನ ವ್ಯವಹಾರಕ್ಕೆಂದು ಓಡಿಬಂದವನಿಗೆ ದುಬಾರಿ. ಹಡಗಿನವರು ಈ ಪಾಠವನ್ನು ಕಲಿತು ತಮ್ಮ ಕೈಚಳಕವನ್ನೂ ಸೇರಿಸಿದ್ದಾರೆ.

ಹಡಗಿನಲ್ಲಿ ಕಿಟಕಿಯಿಲ್ಲದ ಒಳಕೊಠಡಿ, ಕಡಲು ಕಾಣುವ ಕೊಠಡಿ, ಮೊಗಸಾಲೆಯುಳ್ಳ ಕೊಠಡಿ, ಅದಕ್ಕೂ ಮೇಲಿನ ವಿಶಾಲವಾದ ಕೋಣೆಗಳು ಎಂದು ದರ್ಜೆಗಳುಂಟು. ಕೆಲವು ಸಂಸ್ಥೆಗಳವರು ದರ್ಜೆಯನ್ನು ಮಾತ್ರ ಮಾರಿ, ಕೊಠಡಿಯನ್ನು ಆಮೇಲೆ ತಾವೇ ಗೊತ್ತುಮಾಡುತ್ತಾರೆ. ಒಳಕೊಠಡಿಗೆ ಹಣ ಕೊಟ್ಟವನಿಗೆ ಕಡಲು ಕಾಣುವ ಕೊಠಡಿ ದೊರೆತರೂ ದೊರೆಯಬಹುದು. ಸಂಗೀತದ ಸಭಾಂಗಣದ ಕೆಳಗೆ ರಾತ್ರಿಯೆಲ್ಲ ಗದ್ದಲ ಕೇಳುವ ಕೊಠಡಿಯೂ ಬರಬಹುದು. ಮೇಲ್ದರ್ಜೆಗೆ ಹರಾಜು ಕೂಗುವ ಪದ್ಧತಿಯೂ ಉಂಟು. ಕೂಗಿದ ಮೊತ್ತ ಸಾಮಾನ್ಯವಾಗಿ ಕೊಠಡಿಗಲ್ಲ, ತಲೆಗೆ. 4,000 ರೂಪಾಯಿ ಕೂಗಿದ ದಂಪತಿಗಳು ತೆರುವುದು 8,000.

ಅರ್ಧ ಬೆಲೆಯ ಮಾತನ್ನೂ ಇದೇ ರೀತಿ ಕಾಗದದ ಮೇಲೆ ಬರೆದು ನೋಡಬೇಕು. ಒಬ್ಬರಿಗೆ 20,000, ಎರಡನೆಯವರಿಗೆ ಅರ್ಧವೆಂದರೆ ಇಬ್ಬರಿಗೆ 30,000 ಆಯಿತು. ಯಾವ ಸೋಡಿಯನ್ನೂ ಸಾರದೆ ತಲೆಗೆ 14,000 ಕೇಳುವವನಲ್ಲಿ ಇಬ್ಬರಿಗೆ 28,000. ಇದು ಶಾಲೆಯ ಹುಡುಗನ ಲೆಕ್ಕ. ಆದರೂ ಅರ್ಧವೆಂಬ ಶಬ್ದ ಕಿವಿಗೆ ಬಿದ್ದೊಡನೆ ಪದವೀಧರರೂ ಕೂಡುವುದನ್ನು ಮರೆಯುತ್ತಾರೆ. ಇದರ ಮೇಲೆ ಬಂದರಿನ ಸುಂಕ, ಸರ್ಕಾರದ ತೆರಿಗೆ, ಕೆಲವೆಡೆ ಪರಿಚಾರಕರಿಗೆಂದು ದಿನಕ್ಕಿಷ್ಟು ಎಂಬ ಹಣ. ಇವನ್ನೆಲ್ಲ ಸೇರಿಸಿದ ಒಟ್ಟು ಮೊತ್ತವನ್ನು ಹೇಳದ ಜಾಹೀರಾತನ್ನು ನಾವು ಬೆಲೆಯೆಂದು ಎಣಿಸುವುದೇ ಇಲ್ಲ.

ನೆಲದ ಮೇಲೆ ಓಡುವ ಹಡಗೊಂದು ನಮ್ಮ ಜಿಲ್ಲೆಯ ಮಗ್ಗುಲಿಗೇ ಬಂದಿತ್ತು. 2008ರಲ್ಲಿ ಹೊರಟ ಸುವರ್ಣ ರಥವೆಂಬ ರೈಲುಬಂಡಿಯಲ್ಲಿ ಕದಂಬ, ಹೊಯ್ಸಳ, ರಾಷ್ಟ್ರಕೂಟ ಮೊದಲಾದ ರಾಜವಂಶಗಳ ಹೆಸರುಳ್ಳ 11 ಗಾಡಿಗಳು, ಅವುಗಳಲ್ಲಿ 44 ಕೊಠಡಿಗಳು. ಹೊಸಪೇಟೆಯಲ್ಲಿ ನಿಂತು ಪ್ರಯಾಣಿಕರಿಗೆ ಹಂಪೆಯನ್ನು ತೋರಿಸುತ್ತಿತ್ತು. ಇಬ್ಬರು ಹಂಚಿಕೊಂಡರೆ ತಲೆಗಿಷ್ಟು, ಒಬ್ಬನೇ ಬಂದರೆ ಹೆಚ್ಚಿಗೆ ಎಂಬ ಹಡಗಿನ ನಿಯಮವೇ ಅಲ್ಲಿಯೂ ಇತ್ತು. ತಕ್ಕಷ್ಟು ಜನ ಬಾರದೆ ಹೋದಾಗ ಖಾಲಿ ಕೊಠಡಿಗಳ ಭಾರವೆಷ್ಟೆಂಬುದು ತಿಳಿಯಿತು. 2018ರಲ್ಲಿ ಬಂಡಿ ನಿಂತಿತು. 2019ರಲ್ಲಿ ರೈಲ್ವೆಯ ಪ್ರವಾಸೋದ್ಯಮ ನಿಗಮದವರು ಅದನ್ನು ನಡೆಸಲು ವಹಿಸಿಕೊಂಡರು.

ವಿಲಾಸದ ಹಡಗು, ವಿಲಾಸದ ಬಂಡಿಗಳು ಹೇಗೆ ಬೆಲೆ ಕಟ್ಟಿದರೂ ನಮಗೆ ಆಕ್ಷೇಪಣೆಯಿಲ್ಲ; ಒಲ್ಲದವನು ಮನೆಯಲ್ಲಿರಬಹುದು. ಜನಸಾಮಾನ್ಯರ ರೈಲ್ವೆಯೂ ಇದನ್ನೇ ಹಿಡಿದಾಗ ವಿಷಯ ಬೇರೆಯಾಗುತ್ತದೆ. 2016ರ ಸೆಪ್ಟೆಂಬರ್ 9ರಿಂದ ರಾಜಧಾನಿ, ಶತಾಬ್ದಿ, ದುರಂತೋ ಬಂಡಿಗಳಲ್ಲಿ ನೂರಕ್ಕೆ ಹತ್ತು ಹಾಸಿಗೆ ಮಾರಾಟವಾದಂತೆಲ್ಲ ಮೂಲದರ ಶೇಕಡಾ 10ರಂತೆ ಏರಿ, ಹೆಚ್ಚೆಂದರೆ ಒಂದೂವರೆ ಪಟ್ಟಾಗುವ ಕ್ರಮ ಬಂದಿತು. ವರಮಾನ ಹೆಚ್ಚಿದರೂ ಪ್ರಯಾಣಿಕರ ಸಂಖ್ಯೆ ತಗ್ಗಿತೆಂದು 2018ರಲ್ಲಿ ಮಹಾಲೆಕ್ಕಪರಿಶೋಧಕರೇ ಬರೆದರು. ಆ ವರ್ಷವೇ ಕೆಲವು ಬಂಡಿಗಳಲ್ಲಿ ಈ ಕ್ರಮವನ್ನು ಕೈಬಿಟ್ಟರು. ವಿಹಾರಕ್ಕೆ ಹೋಗುವವನು ತಿಂಗಳುಗಳ ಮೊದಲೇ ಟಿಕೆಟು ಕೊಳ್ಳಬಲ್ಲನು. ಬೆಂಗಳೂರಿನ ಆಸ್ಪತ್ರೆಯಿಂದ ಇಂದು ಸಂಜೆ ಕರೆ ಬಂದವನು ಕೊಳ್ಳಬಲ್ಲನೆ? ಕೊನೆಗೆ ಬಂದವನಿಂದ ಹೆಚ್ಚು ತೆಗೆದುಕೊಳ್ಳುವ ಪದ್ಧತಿಗೆ ಇವರಿಬ್ಬರಲ್ಲಿ ಭೇದ ತಿಳಿಯದು.

ಆದರೆ ಅದೇ ರೈಲ್ವೆಯಲ್ಲಿ 2006ರಿಂದ ನಡೆದುಬಂದಿರುವ ಮತ್ತೊಂದು ಏರ್ಪಾಡನ್ನು ನಾವು ಮೆಚ್ಚುತ್ತೇವೆ. ಬಂಡಿ ಹೊರಡುವ ಮುನ್ನ ಪ್ರಯಾಣಿಕರ ಪಟ್ಟಿಯನ್ನು, ಚಾರ್ಟ್ ಎನ್ನುತ್ತಾರಲ್ಲ ಅದನ್ನು, ಸಿದ್ಧಮಾಡುವಾಗ ಮೇಲ್ದರ್ಜೆಯಲ್ಲಿ ಹಾಸಿಗೆಗಳು ಖಾಲಿ ಉಳಿದಿದ್ದರೆ, ಪೂರ್ಣ ದರ ಕೊಟ್ಟ ಕೆಳದರ್ಜೆಯವರನ್ನು ಹೆಚ್ಚಿನ ಹಣ ಕೇಳದೆ ಅಲ್ಲಿಗೆ ಏರಿಸುತ್ತಾರೆ. ಅವರು ಬಿಟ್ಟ ಜಾಗಕ್ಕೆ, ಹಾಸಿಗೆ ದೊರೆಯದೆ ಕಾದಿರುವವರು ಬರುತ್ತಾರೆ. ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ಸಿಗಾಗಿ ಕಾದುನಿಂತವನಿಗೆ ಜಾಗ ದೊರೆತರೆ, ಅದಕ್ಕೆ ಎಲ್ಲಿಯೋ ಮೇಲಿನ ದರ್ಜೆಯಲ್ಲಿ ಮಾರಾಟವಾಗದೆ ಉಳಿದ ಹಾಸಿಗೆಯೇ ಕಾರಣವಾಗಿರಬಹುದು. ಹಡಗಿನವನು ಹರಾಜಿಗೆ ಇಡುವುದನ್ನು ಇಲ್ಲಿ ಸುಮ್ಮನೆ ಕೊಡುತ್ತಾರೆ. ಪ್ರಯೋಜನ ಒಬ್ಬನಿಗಲ್ಲ, ಇಬ್ಬರಿಗೆ.

ಕೆಲವು ನಿಯಮಗಳನ್ನು ಮಾತ್ರ ಅರಿತಿರಬೇಕು. ಒಂದೇ ಟಿಕೆಟಿನಲ್ಲಿರುವವರನ್ನು ಏರಿಸಿದರೆ ಎಲ್ಲರನ್ನೂ ಏರಿಸುತ್ತಾರೆ, ಇಲ್ಲವಾದರೆ ಯಾರನ್ನೂ ಇಲ್ಲ. ರಿಯಾಯಿತಿಯ ಟಿಕೆಟಿನವರಿಗೂ ಉಚಿತ ಪಾಸಿನವರಿಗೂ ಇದು ಸಲ್ಲದು. ಆಮೇಲೆ ಟಿಕೆಟು ರದ್ದುಮಾಡಿದರೆ ಹಣದ ಲೆಕ್ಕ ಮೊದಲು ಕೊಂಡ ದರ್ಜೆಯದೇ. ಒಪ್ಪಿಗೆಯನ್ನು ಕಾಗದದ ಅರ್ಜಿಯಲ್ಲಿಯೂ ಕೇಳುತ್ತಾರೆ, ಫೋನಿನಲ್ಲಿ ಟಿಕೆಟು ಕೊಳ್ಳುವಾಗಲೂ ಕೇಳುತ್ತಾರೆ. ಏರಿದವನಿಗೆ ಹೊಸ ಗಾಡಿ, ಹೊಸ ಹಾಸಿಗೆ. ಮೊದಲು ಕೋರಿ ಪಡೆದ ಕೆಳಹಾಸಿಗೆ ಅಲ್ಲಿ ಮೇಲಿನದಾಗಿಬಿಡಬಹುದು. ಮಂಡಿನೋವಿರುವ ವೃದ್ಧೆಗೆ ತಂಪು ಗಾಡಿಯ ಮೇಲ್ಹಾಸಿಗೆಗಿಂತ ಸ್ಲೀಪರಿನ ಕೆಳಹಾಸಿಗೆಯೇ ಲೇಸು. ನಮ್ಮ ಮನೆಯ ಹಿರಿಯರು ಜೊತೆಯಲ್ಲಿರುವಾಗ ನಾವು ಆ ಒಪ್ಪಿಗೆಯನ್ನು ಕೊಡುವುದಿಲ್ಲ.